ನೀವಾ

ಎಡಕ್ಕೆ ತಿರುಗಿಸಿದರೆ ಸಾಕು, ಬಾಯಿ ಬಿಡುತ್ತಿತ್ತು.
ಬಲಕ್ಕೆ ಮೂಕ. ನೇರ ದಾರಿಯಲ್ಲಿ ಸಾಧು.
ಎಡಕ್ಕೆ ಮಾತ್ರ, ಬಾಲ ತುಳಿದ ಹಾಗೆ, ಪೋಂ!
ಲಮಾರಾ ಟೀಚರ ಕಾರು, ಮೂವತ್ತೆಂಟು ವರ್ಷದ ನೀವಾ,
ಬಣ್ಣ ಒಂದು ಕಾಲಕ್ಕೆ ಹಾಲಿನದು.

ಅಂಬ್ರೊಲೌರಿಯಿಂದ ಮೇಲಿನ ಹಳ್ಳಿಯ ಸಂಗೀತ ಶಾಲೆಗೆ
ಇಪ್ಪತ್ತಾರು ತಿರುವು.
ಹೋಗುವಾಗ ಎಡಕ್ಕೆ ಹದಿನಾಲ್ಕು, ಬರುವಾಗ ಹನ್ನೆರಡು.
ವಾರಕ್ಕೆ ಮೂರು ದಿನ. ಲೆಕ್ಕ ನೀವೇ ಹಾಕಿಕೊಳ್ಳಿ.

ನಮ್ಮಲ್ಲಿ ಹಾರನ್ ಬರೀ ಬೈಗುಳವಲ್ಲ.
ಒಂದು ಸಲ ಒತ್ತಿದರೆ, ಬಂದೆ.
ಎರಡು ಸಲ, ನಿಮ್ಮಮ್ಮನ ಮಂಡಿನೋವು ಹೇಗಿದೆ.
ಉದ್ದಕ್ಕೆ ಒತ್ತಿದರೆ ಮದುವೆ, ಇಲ್ಲವೇ ದಾರಿಗಡ್ಡ ಹಸು.
ದೀಪ ಮಿಣುಕಿಸಿದರೆ ಮುಂದೆ ಪೊಲೀಸ್.
ಇಗರ್ಜಿ ಕಂಡರೆ ಎಲ್ಲರೂ ಸ್ಟೇರಿಂಗ್ ಬಿಟ್ಟು
ಎದೆಯ ಮೇಲೆ ಮೂರು ಸಲ ಶಿಲುಬೆ ಬರೆಯುತ್ತಾರೆ;
ಅಷ್ಟು ಹೊತ್ತು ಗಾಡಿ ಯಾರು ಓಡಿಸುತ್ತಾರೋ
ನಾನು ಹೇಳಲಾರೆ.

ಇಂಥ ಊರಲ್ಲಿ ಕಾರೊಂದು
ತಿರುವು ತಿರುವಿಗೂ ಏನೋ ಹೇಳುತ್ತ ಹೋದರೆ
ಜನ ಅರ್ಥ ಹುಡುಕದೆ ಬಿಡುತ್ತಾರೆಯೇ?
ಬೇಕರಿಯ ನಾಜಿಬ್ರೋಲಾ ಬಿಸಿ ರೊಟ್ಟಿ ಹಿಡಿದು ಓಡಿಬಂದಳು.
ಸೇತುವೆಯ ಬಳಿಯ ಒಂಟಿ ಫಾರೆಸ್ಟ್ ಗಾರ್ಡ್
ಎರಡನೇ ವಾರದಿಂದ ಗಡ್ಡ ಬೋಳಿಸತೊಡಗಿದ.
ಹಸುಗಳು ಮಾತ್ರ ಮಲಗಿದಲ್ಲೇ ಕಿವಿ ಆಡಿಸಿದವು.

ಒಂಬತ್ತನೆಯ ಎಡ ತಿರುವಿನಲ್ಲಿ ಒತಿಯಾ.
ನಲವತ್ತು ವರ್ಷ ಕಮಾಜ್ ಲಾರಿಯಲ್ಲಿ ಬೆಟ್ಟ ಹತ್ತಿಳಿದವನು,
ಕಣ್ಣು ಹೋದ ಮೇಲೆ ಅಲ್ಲೇ ಕೂತು ಅಕ್ರೋಟು ಮಾರುತ್ತಾನೆ.
ಪೋಂ ಕೇಳಿದ್ದೇ ತಡ,
ತೊಡೆಯ ಮೇಲಿನ ಹಳೇ ವ್ಹೀಲ್ ಕ್ಯಾಪಿಗೆ
ಚಮಚದಿಂದ ಠಣ್ ಠಣ್ ಠಣ್.
ಲಮಾರಾ ಕೈ ಬೀಸುತ್ತಿದ್ದಳು.
ಕುರುಡನಿಗೆ. ಮೂರು ತಿಂಗಳು.

ಕೊನೆಗೆ ನನ್ನ ಶೆಡ್ಡಿಗೆ ಬಂದು,
"ಜುಂಬೆರ್, ಇದರ ಶ್ರುತಿ ಸರಿಯಿಲ್ಲ" ಎಂದಳು.
ಸಂಗೀತದವರು!
ಗೋಳಿಡುವುದು ತಪ್ಪಲ್ಲ, ಅಪಶ್ರುತಿಯಲ್ಲಿ ಗೋಳಿಡಬಾರದು.
ನಡುವೆ ಒಂದು ವಾರ ಫ್ಯೂಸ್ ಕಿತ್ತಿಟ್ಟು ಓಡಿಸಿದ್ದಳಂತೆ.
ಬ್ರೇಕ್ ಲೈಟೂ ಅದೇ ಫ್ಯೂಸಿನದೆಂದು
ಹಿಂದಿನ ವ್ಯಾನು ಬಂದು ಗುದ್ದಿದಾಗ ತಿಳಿಯಿತು.
ಈ ಕಾರು ಮಾಡಿದ ಪುಣ್ಯಾತ್ಮರು
ಕೂಗುವುದನ್ನೂ ನಿಲ್ಲುವುದನ್ನೂ ಒಂದೇ ಗಂಟಿಗೆ ಕಟ್ಟಿದ್ದರು.

ಸ್ಟೇರಿಂಗ್ ಬಿಚ್ಚಿದೆ. ಒಳಗೆ ಬೂದು ತಂತಿ,
ಉಗುರಿನಷ್ಟು ಜಾಗದಲ್ಲಿ ಚರ್ಮ ಸುಲಿದದ್ದು.
ಎಡಕ್ಕೆ ಹೊರಳಿದಾಗಲೆಲ್ಲ
ಬರಿಮೈ ಕಬ್ಬಿಣಕ್ಕೆ ತಾಗಿ, ಅರ್ತ್ ಸಿಕ್ಕಿ, ಕೂಗು.
ಇಷ್ಟೇ. ಬೆರಳುದ್ದ ಟೇಪು ಸುತ್ತಿದೆ.
ಐದು ಲಾರಿ ಕೇಳಿದೆ
(ಲಾರಿ ಎಂದರೆ ಇಲ್ಲಿ ದುಡ್ಡು).
ಪರ್ಸು ಮರೆತು ಬಂದಿದ್ದಳು.

ಮರುದಿನ ಒಂಬತ್ತನೆಯ ತಿರುವು.
ಕಾರು ಸದ್ದಿಲ್ಲದೆ ಹೊರಳಿತು. ಚಮಚಕ್ಕೂ ಸದ್ದಿಲ್ಲ.
ತಡೆಯಲಾಗದೆ ಹೆಬ್ಬೆರಳಿಂದ ತಾನೇ ಒತ್ತಿದಳು,
ಚಿಕ್ಕದಾಗಿ ಒಂದು.
ಉತ್ತರವಿಲ್ಲ.
ಗಾಡಿ ಬದಿಗೆ ಹಾಕಿ, ಹಿಂದಕ್ಕೆ ನಡೆದು ಹೋದಳು.

"ಯಾರು? ನೀವಾ?" ಎಂದ ಒತಿಯಾ.
"ನಾನೇ. ಇವತ್ತೇಕೆ ಬಾರಿಸಲಿಲ್ಲ?"
"ರಿಪೇರಿ ಆಯಿತಲ್ಲ, ಇನ್ನೇಕೆ?
ಮೂರು ತಿಂಗಳಿಂದ ಬಡಿದುಕೊಂಡೆನಲ್ಲ ತಾಯಿ,
ತಂತಿ ಸುಲಿದಿದೆ, ತಂತಿ ಸುಲಿದಿದೆ,
ಹೊತ್ತಿಕೊಂಡೀತು ಅಂತ.
ನಿಮಗೇನು, ಕಿವಿ ಕೇಳಿಸುವುದಿಲ್ಲವೇ?"

ಸಂಗೀತದ ಟೀಚರಿಗೆ!

ಇದನ್ನೆಲ್ಲ ನಕ್ಕು ನಕ್ಕು ಹೇಳಿ
ನನ್ನ ಮೇಜಿನ ಮೇಲೆ ಆ ವ್ಹೀಲ್ ಕ್ಯಾಪನ್ನೇ ಇಟ್ಟಳು,
ತುಂಬ ಅಕ್ರೋಟು. ಐದು ಲಾರಿಗೆ ಇದು, ಒತಿಯಾ ಕೊಟ್ಟದ್ದು.
ವೈಸಿನ ದವಡೆಗೆ ಕೊಟ್ಟು ಒಡೆದು ತಿಂದೆವು.

ಹೊರಟಾಗ ಅಂಗಳದಲ್ಲಿ ಎಡಕ್ಕೆ ಹೊರಳಿತು ನೀವಾ.
ಉಸಿರಿಲ್ಲ. ನನ್ನ ಕೈಕೆಲಸ.
ಗೇಟಿನ ಬಳಿ ಬ್ರೇಕ್ ಹಾಕಿದಳು,
ಎಡಗಡೆಯ ಲೈಟು ಹತ್ತಲಿಲ್ಲ.
ಕೂಗಿ ಹೇಳೋಣವೆಂದರೆ ಬಾಯಿ ತುಂಬ ಅಕ್ರೋಟು.
ಕೈಗೆ ಸಿಕ್ಕ ಸ್ಪ್ಯಾನರಿನಿಂದ
ವ್ಹೀಲ್ ಕ್ಯಾಪಿಗೆ ಜೋರಾಗಿ ಬಾರಿಸಿದೆ, ಠಣ್ ಠಣ್.

ಆಕೆ ಕೈ ಬೀಸಿದಳು.