ಹಕ್ಕಳೆ

ಸೊಲ್ಲಾಪುರ, ಅಕ್ಕಲಕೋಟ ರೋಡು,
ಟಾವೆಲ್ ಕಾರಖಾನಿಯ ಹಿಂದಿನ ಶೆಡ್ಡು.
ಬಾಯ್ಲರ್ ಆರಿಸಿ ನಾಕು ತಾಸಾಯ್ತು.
ಇಂಥ ಹೊತ್ತಿನಾಗ ಮಾತಾಡಬ್ಯಾಡ ಘಾಳೆಪ್ಪ,
ಕೂಡು. ಕಿವಿಗೊಡು.

ಟಿಕ್.

ಇಲಿ ಅನಕೊಂಡಿ? ತಡಿ, ಇನ್ನೊಂದು ಬರ್ತದ.
ಕಬ್ಬಿಣದ ಮೈಮ್ಯಾಲ ಹಕ್ಕಳೆ ಏಳ್ಲಿಕ್ಕತ್ತದ.

ಒಂದು ಹಿಡಿ ಕಬ್ಬಿಣ ಗಾಳಿ ಕುಡದು ಸುಟ್ಟರ
ಎರಡು ಹಿಡಿ ಜಾಗ ಬೇಡ್ತದ.
ಎಲ್ಲಿಂದ ತರೂದು?
ಹುಟ್ಟಿದ್ದು ಅದರ ಮ್ಯಾಲೇ, ಬೇರು ಅದರಾಗೇ.
ನಮ್ಮ ಚಾಳಿನ ಒಂದೇ ಖೋಲಿಯೊಳಗ
ಮೂರು ಸಂಸಾರ ಭುಜಕ್ಕ ಭುಜ ಹಚ್ಚಿ ಮಲಗಿ
ಯಾರೂ ಮಗ್ಗಲಾ ಬದಲಸಲಾರದ ರಾತ್ರಿ
ನೆನಪದ ಏನು?

ಬೆಂಕಿ ಇರೂತನಕ ತಂಟಿಲ್ಲ.
ಉರಿಯೊಳಗ ಕಬ್ಬಿಣನೂ ಹಿಗ್ಗಿರ್ತದ,
ತನ್ನ ತೊಗಲಿಗೆ ಅಷ್ಟಿಷ್ಟು ಸರದು ಕೊಡ್ತದ.
ಆರಿಸಿದ ಮ್ಯಾಲ ಸುರು:
ಕಬ್ಬಿಣ ಭರಾಭರಾ ಕುಗ್ಗತದ,
ತೊಗಲಿಗೆ ಅಷ್ಟು ಕುಗ್ಗೂದು ಗೊತ್ತಿಲ್ಲ.
ಕಾಲಾಗಿನ ನೆಲಾನೇ ಸಣ್ಣಾದರ
ಮ್ಯಾಲ ನಿಂತಾವ ಏನ ಮಾಡ್ಯಾವು?
ಹಪ್ಪಳದ ಗುಳ್ಳಿ ಹಂಗ ಉಬ್ಬಿ

ಟಿಕ್. ಟಿಕ್‌ಟಿಕ್.

ನೀ ಹೊಸದಾಗಿ ಬಂದಾಗ
ಪುಣೆದ ಇನ್ಸ್‌ಪೆಕ್ಟರ್ ಬರ್ತಾನಂತ
ಬಾಗಿಲದ ತಗಡು ತಿಕ್ಕಿ ತಿಕ್ಕಿ ಬೆಳ್ಳಿ ಮಾಡಿದ್ದಿ.
ನಾ ಬಾಯಿಗೆ ಬಂದಂಗ ಬೈದೆ.
ಅದರ ಮ್ಯಾಲ ಒಂದು ನೀಲಿ ಪೊರಿ ಇತ್ತೋ ತಮ್ಮಾ,
ಉಳ್ಳಾಗಡ್ಡಿ ಸಿಪ್ಪಿಗಿಂತ ತೆಳ್ಳಗ,
ತಾನೇ ನೇಯ್ದು ಹೊದ್ದ ಚಾದರ.
ಮರುದಿನ ಮುಂಜಾನೆ ಕೆಂಪ ಬಂತು. ನೋಡಿದೆಲ್ಲ?

ತೆಳ್ಳಗಿದ್ದರ ಕಾಯ್ತದ.
ದಪ್ಪಾದರ ತನ್ನ ಇಕ್ಕಟ್ಟಿಗೆ ತಾನೇ ಸಿಡೀತದ.
ಎಷ್ಟಕ್ಕ ತೆಳ್ಳಗ, ಎಷ್ಟಕ್ಕ ದಪ್ಪ,
ಇನ್ಸ್‌ಪೆಕ್ಟರನ ಹತ್ರ ಅಳೆಯೋ ಡಬ್ಬಿ ಅದ.
ನನ್ನ ಹತ್ರ ಕಿವಿ.
ಅದೂ ಎಡಗಡೇದು ಒಂದೇ.

ಈ ತೋಳು ಮುಟ್ಟು. ಉಗಿ ಹೊಡದು ಹದಿನೇಳು ವರ್ಷ.
ಸುಟ್ಟ ದಿನ ಬರೇ ಉರೀತು.
ಥಂಡಿ ಬಿದ್ದರ ಇನ್ನೂ ಜಗ್ಗತದ,
ಯಾರದೋ ಅಳತಿಗೆ ಹೊಲದ ಅಂಗಿ ಹಂಗ.
ಚಂಪವ್ವ ಎಣ್ಣಿ ಹಚ್ಚತಾಳ. ಏನೂ ಕೇಳೂದಿಲ್ಲ.

ನಾಳಿ ಒಳಗ ಇಳದು ಕಸಬರಗಿ ಹಿಡಿ.
ಒಂದು ಬುಟ್ಟಿ ಹಕ್ಕಳೆ ಬರ್ತದ,
ಒಗದಗಿಗದಿ, ತೂಗಬೇಕು.
ಬಾಯ್ಲರ್ ಎಷ್ಟು ಸವದದ ಅನ್ನೂದು
ಅದಕ್ಕೇ ಗೊತ್ತು.

ಈಗ ಲೈಟ ಆರಸು.
ಕತ್ತಲದಾಗ ಚಲೋ ಕೇಳಸ್ತದ.