ಕಾಲಿದ್ದಷ್ಟು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಂತೆ.
ಸರಿ. ಆದರೆ ಸೀಟು ಮೂವತ್ತನಾಲ್ಕೂವರೆ ಇಂಚು,
ನನ್ನ ಕಾಲು ಇಪ್ಪತ್ತೆಂಟು.
ಗಾದೆ ಕಟ್ಟಿದವರು ಬೈಕು ಕೊಂಡವರಲ್ಲ.

ಬರ್ರಾ ಊರೊಳಗೆ ಐವತ್ತರ ಮಿತಿ.
ಬೇಕರಿ, ಸೇತುವೆ, ತಾಮ್ರ ತೆಗೆದು ಬಿಟ್ಟ ಹಸಿರು ನೀರಿನ ಗುಂಡಿ.
ಅಷ್ಟಕ್ಕೆ ಸ್ಕೂಟರ್ ಸಾಕು.
ಊರು ದಾಟಿ ಎಡಕ್ಕೆ ಹೊರಳಿದರೆ
ಡಾಂಬರು ಮಾತು ನಿಲ್ಲಿಸುತ್ತದೆ,
ಜಲ್ಲಿ ಶುರು ಮಾಡುತ್ತದೆ.
ಗ್ರೇಡರ್ ಬಂದು ಹೋದ ವಾರ ಮಾತ್ರ ಅದು ರಸ್ತೆ;
ಆಮೇಲೆ ನೆಲಕ್ಕೆ ಮಲಗಿಸಿದ ತಗಡಿನ ಸೂರು,
ಹಲ್ಲು ಹಲ್ಲಿಗೆ ಬಡಿಯುವಷ್ಟು ಅಲೆ.

ನನ್ನ ಕೆಲಸ ಮುದುಕರ ಕಾಲುಗುರು.
ಬಗ್ಗಲಾರದವರ, ಕಣ್ಣು ಮಂಜಾದವರ,
ಸಕ್ಕರೆ ಕಾಯಿಲೆಯಲ್ಲಿ ಪಾದ ಮರೆತವರ ಮನೆಗೆ
ಕತ್ತರಿ, ಅರ, ಒಂದು ಟವೆಲ್ ಹೊತ್ತು ಹೋಗುತ್ತೇನೆ.
ಜೂನ್‌ನಲ್ಲಿ ಕಾರಿನ ಕ್ಲಚ್ಚು
ಕಾಲ ಕೆಳಗಿದ್ದುಕೊಂಡೇ ಕೈ ಕೊಟ್ಟಿತು.

ಮೊದಲು ನೋಡಿದ್ದು ಕ್ಲೇರ್‌ನಲ್ಲಿ, ನಾನ್ನೂರು ಸೀಸಿ.
ಅಂಗಡಿ ಹುಡುಗ ಅಂದ, ಇದರಲ್ಲಿ ಪರ್ತ್‌ವರೆಗೂ ಹೋಗಬಹುದು.
ನಾನು ಹೋಗಬೇಕಾದ್ದು ಹೈಡನ್‌ರೈಕ್ ಅಜ್ಜಿಯ ಗೇಟಿನವರೆಗೆ,
ಹದಿನೇಳು ಕಿಲೋಮೀಟರು.
ಎರಡನೆಯದು ಚೆಲುವೆ. ನಿಂತಲ್ಲೇ ಜಿಗಿಯುವ ಭಂಗಿ,
ಗಳಿಗೆಗೊಮ್ಮೆ ಆಯಿಲ್ ಕೇಳುವ ಸೊಕ್ಕು.
ಹತ್ತಿ ಕೂತೆ. ಎರಡೂ ಹೆಬ್ಬೆರಳು ಗಾಳಿಯಲ್ಲಿ.
ಅಂಗಡಿಯ ಗಾಜಿನಲ್ಲಿ ಕಂಡಿತು
ಕಟ್ಟೆಯ ಮೇಲೆ ಕೂತು ಕಾಲಾಡಿಸುವ ಮಗು,
ವಯಸ್ಸು ಐವತ್ತೊಂದು.

ಮೂರನೆಯದು ಪೆನ್‌ಹೇಲ್‌ನ ಶೆಡ್ಡಿನಲ್ಲಿ.
ಮರ್ವಿನ್ ಪೆನ್‌ಹೇಲ್‌ನ ಪಾದ ನನಗೆ ಆರು ವರ್ಷದ ಪರಿಚಯ.
ಎಡಗಾಲ ಹೆಬ್ಬೆರಳ ಮೇಲೆ ಒಂದು ಗಂಟು,
ಬಲಗಾಲಿಗೆ ಇಲ್ಲದ್ದು.
ಉಗುರು ಕತ್ತರಿಸುವಾಗ ಏನಿದು ಅಂತ ಕೇಳಿರಲಿಲ್ಲ.
ಉಣ್ಣೆಯ ಮೂಟೆಗಳ ಹಿಂದೆ
ಗೋಣಿ ಹೊದ್ದು ನಿಂತಿತ್ತು ಉತ್ತರ:
ಇನ್ನೂರ ಮೂವತ್ತು ಸೀಸಿ, ಗಾಳಿಗೇ ತಣಿಯುವ ಎಂಜಿನು,
ಒಂದೇ ಕನ್ನಡಿ,
ಹಿಂದೆ ಕಂಬಿಗೆ ಬಿಗಿದ ಹಾಲಿನ ಕ್ರೇಟು,
ನಲವತ್ತು ಸಾವಿರ ಕಿಲೋಮೀಟರು ಬೂಟಿನ ತುದಿ ಎತ್ತಿದ
ಸವೆದ ಗೇರಿನ ಕಡ್ಡಿ.
"ಸೊಂಟ ಹೊಸದು ಹಾಕಿದಾರೆ," ಅಂದ.
"ಕಾಲೆತ್ತಿ ದಾಟಿಸೋಕೆ ಅದು ಒಪ್ಪಲ್ಲ."

ಮೈಲೇಜು ಕೇಳಿದೆ. ಚೈನು ಯಾವಾಗ ಹಾಕಿಸಿದ್ದು ಕೇಳಿದೆ.
ಬಾಯಿಪಾಠ ಮಾಡಿಕೊಂಡು ಹೋಗಿದ್ದ ಪ್ರಶ್ನೆ ಇನ್ನೂ ಏಳಿದ್ದವು.
ಅವನು ಗಾಡಿಯನ್ನು ಅಂಗಳದ ಜಲ್ಲಿಗೆ ತಳ್ಳಿಕೊಂಡು ಬಂದ,
ಸ್ಟ್ಯಾಂಡು ಬಿಚ್ಚಿದ,
ನಿದ್ದೆ ಹತ್ತಿದ ಕೂಸನ್ನು ಇಳಿಸುವ ಹಾಗೆ
ಬಲಕ್ಕೆ ಮಲಗಿಸಿದ.

"ಎತ್ತು."

ಮುಖ ಕೊಟ್ಟು ಎತ್ತಿದೆ. ಜಲ್ಲಿ ಜಾರಿತು, ನಾನೂ.
ಗಮ್ ಮರದಲ್ಲಿ ಗಲಾ ಹಕ್ಕಿಗಳಿಗೆ ಮಜಾ.
"ಮುಖ ಅಲ್ಲ, ಬೆನ್ನು," ಅಂದ.
ಬೆನ್ನು ಕೊಟ್ಟೆ. ಒಂದು ಕೈ ಹ್ಯಾಂಡಲಿಗೆ, ಒಂದು ಕಂಬಿಗೆ,
ಕುಂಡೆ ಸೀಟಿಗೆ ಒತ್ತಿ
ಹಿಂದಕ್ಕೆ ಹಿಂದಕ್ಕೆ ಗಿಡ್ಡ ಹೆಜ್ಜೆ.
ನೂರ ಹದಿನೈದು ಕಿಲೋ
ಮುನಿಸು ಮುಗಿದ ಕತ್ತೆಯಂತೆ ಎದ್ದು ನಿಂತಿತು.

ಆಮೇಲೆ ಕೂರಿಸಿದ.
ಎಡಗಾಲ ಬೆರಳುಗಳು ನೆಲ ಮುಟ್ಟಿದವು. ಬಲಗಾಲು ಇಲ್ಲ.
"ಒಂದು ಸಾಕು," ಅಂದ. "ನಿಂತಾಗ ಅದಕ್ಕೂ ಇರೋದು ಒಂದೇ ಕಾಲು."

ದುಡ್ಡಿನಲ್ಲಿ ಒಂದು ಡಾಲರೂ ಬಿಡಲಿಲ್ಲ.
ಮುಂದಿನ ತಿಂಗಳ ಉಗುರಿನ ಫೀಸು ನಾನೂ ಬಿಡಲಿಲ್ಲ.

ಮೊದಲ ಗುರುವಾರವೇ ಬಿದ್ದೆ,
ಹೈಡನ್‌ರೈಕ್ ಅಜ್ಜಿಯ ಮನೆಗೆ ಎರಡು ತಿರುವು ಇರುವಾಗ,
ಯಾವುದೂ ಅಡ್ಡ ಬರದೆ, ಸುಮ್ಮನೆ.
ಕ್ರೇಟಿನಿಂದ ಕತ್ತರಿ ಹಾರಿ ಹುಲ್ಲಿನಲ್ಲಿ ಮಿನುಗುತ್ತಿತ್ತು.
ಎರಡೂ ಕಡೆ ಬೇಲಿ, ಗೋಧಿಯ ಕೂಳೆ,
ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದ ಕುರಿಗಳು.
ಮೊಣಕೈ ಒರೆಸಿಕೊಂಡೆ. ಸ್ಟ್ಯಾಂಡು ಬಿಚ್ಚಿದೆ.
ಬೆನ್ನು ಕೊಟ್ಟೆ.