ಎರಡು ಹದಿಮೂರು

ಕೊಟ್ರೇಶಣ್ಣ ಕೇಳಿದ್ದು ಇಷ್ಟೇ:
ರಾತ್ರಿ ಹತ್ತರಿಂದ ಬೆಳಗಿನ ಐದರೊಳಗೆ
ಎಂಟು ಸಲ ಗೋದಾಮಿನ ಗಂಟೆ ಹೊಡೆಯಬೇಕು,
ಹೊಡೆದಾಗೆಲ್ಲ ಕಾವಲಿನವನು ಬಂದು ಗುಂಡಿ ಒತ್ತಬೇಕು.
'ಯಾವಾಗ ಅಂತ ಅವನಿಗೆ ತಿಳೀಬಾರ್ದು.
ನಿನಗೂ ತಿಳೀಬಾರ್ದು ನೋಡು' ಅಂದ,
ಮೀಸೆಯಿಂದ ಮೆಕ್ಕೆಜೋಳದ ಧೂಳು ಒರೆಸಿಕೊಳ್ಳುತ್ತ.

ಮೊದಲ ದಿನ ನಾನು ದಡ್ಡಿ.
ಗಂಟೆಗೊಂದು ಸಂಖ್ಯೆ, ನಿಮಿಷಕ್ಕೊಂದು ಸಂಖ್ಯೆ
ಬೇರೆ ಬೇರೆ ಎತ್ತಿ ಜೋಡಿಸಿದೆ.
ತೆರೆಯ ಮೇಲೆ ಬಂತು:
ಇಪ್ಪತ್ನಾಲ್ಕು ಗಂಟೆ ಅರವತ್ತು ನಿಮಿಷ.
ಹಾಗೊಂದು ಹೊತ್ತು ಪಂಚಾಂಗದಲ್ಲಿಲ್ಲ,
ಪಿ.ಬಿ. ರಸ್ತೆಯ ಯಾವ ಬಸ್ಸೂ ಆ ಹೊತ್ತಿಗೆ ಹೊರಡುವುದಿಲ್ಲ.
ಅಳಿಸುವ ಮುಂಚೆ ನೋಡುತ್ತ ಕೂತೆ.
ಸಿಕ್ಕಿದ್ದರೆ ಏನು ಮಾಡುತ್ತಿದ್ದೆ?
ಬಹುಶಃ ಬಾಕಿ ನಿದ್ದೆ.

ಆಮೇಲೆ ಸರಿಹೋಯಿತು.
ಏಳು ತಾಸೆಂದರೆ ನಾನೂರಿಪ್ಪತ್ತು ನಿಮಿಷ;
ಒಂದೇ ಚೀಲ, ಒಳಗೆ ಕೈ, ಬೆರಳಿಗೆ ಸಿಕ್ಕ ಕಾಳು.
ಅರವತ್ತರಿಂದ ಭಾಗಿಸಿದರೆ ಗಂಟೆ, ಉಳಿದದ್ದು ನಿಮಿಷ.
ಉಳಿದದ್ದು ಒಂಟಿ ಅಂಕಿಯಾದರೆ ಮುಂದೊಂದು ಸೊನ್ನೆ,
ಐದು ಒಂದೇ ಕತ್ತಲಲ್ಲಿ ನಿಲ್ಲದಿರಲಿ ಅಂತ.

ಹತ್ತು ರಾತ್ರಿ.
ದಾದಾಪೀರ್ ಒಂದು ಗಂಟೆಯೂ ತಪ್ಪಲಿಲ್ಲ.
ಅರವತ್ತೊಂದರ ಮನುಷ್ಯ, ಎಡ ಮೊಣಕಾಲು ಎಳೆದು ನಡೆಯುವವನು,
ಹೊಡೆದ ಹತ್ತು ಸೆಕೆಂಡಿಗೆ ಗುಂಡಿ.
ಕೊಟ್ರೇಶಣ್ಣನಿಗೆ ಖುಷಿ, ಅವನಿಗೊಂದು ಅಂಗಿ ಬಟ್ಟೆ.
ನನಗೆ ಅನುಮಾನ.

ಬಿಲ್ಲು ಕೊಡುವ ನೆಪದಲ್ಲಿ ಎಪಿಎಂಸಿಗೆ ಹೋದೆ.
ಲಾರಿ ಕಾಟಾದ ಹಿಂದೊಂದು ಗೋಡೆ, ಗೋಡೆ ಮೇಲೆ ಇದ್ದಿಲು:
ಹತ್ತು ನಲವತ್ತೊಂದು
ಹನ್ನೊಂದು ಐದು
ಹನ್ನೊಂದು ಐವತ್ತೆಂಟು
ಹನ್ನೆರಡೂವರೆ
ಎರಡು ಹದಿಮೂರು
ನಾಲ್ಕು ಹದಿನಾರು, ನಾಲ್ಕು ಹದಿನೇಳು
ನಾಲ್ಕು ಐವತ್ತೆರಡು.

'ಏನವ್ವಾ, ದಿನಾ ಇದೇ ಪಾಠ ಒಪ್ಪಿಸ್ತೈತೆ ನಿನ್ನ ಮಿಷಿನ್ನು.
ಹದಿನಾರರ ಬೆನ್ನಿಗೇ ಹದಿನೇಳು!
ಮನುಷ್ಯ ಆಗಿದ್ರೆ ಹಂಗೆ ಹೊಡೀತಿರ್ಲಿಲ್ಲ,
ನಾಚಿಕೆ ಆಗ್ತಿತ್ತು.'

ತಪ್ಪು ನನ್ನದೇ. ಪರೀಕ್ಷೆಗೆಂದು ಬೀಜ ಅಂತ
ಒಂದು ಸಂಖ್ಯೆ ಊರಿದ್ದೆ, ಕೀಳಲು ಮರೆತಿದ್ದೆ.
ಸಂಜೆ ಸಂಜೆ ಯಂತ್ರ ಹಚ್ಚಿದಾಗ
ಅದೇ ಬೀಜ, ಅದೇ ಎಂಟು.
ಬಿಡಿಸಿ ಹೇಳಿದೆ. ಅವನು ನಕ್ಕ:
'ಅಷ್ಟೇನಾ? ಒಂದೇ ಪಾಕೀಟಿನ ಬೀಜ ಹಾಕಿದ್ರೆ
ಹೊಲ ಪೂರ್ತಿ ಒಂದೇ ಎತ್ತರದ ತೆನೆ.'

ಎರಡು ಹದಿಮೂರಾದ ಮೇಲೆ ಎಲ್ಲಿ ಹೋಗ್ತೀರಿ?
ಕೇಳಬಾರದಿತ್ತು. ಕೇಳಿದೆ.
ಆಜಾದ್ ನಗರದ ಭಟ್ಟಿಗೆ, ಅಂದ. ಸೈಕಲ್ಲಲ್ಲಿ.
ಖೈರುನ್ನೀಸಾ ಎರಡಕ್ಕೆ ಒಲೆ ಹಚ್ಚುತ್ತಾಳೆ.
ಅವನು ಹೋಗಿ ಹೊಟ್ಟು ಸುರಿಯುತ್ತ, ಮರಳು ತಿರುವುತ್ತ ನಿಂತರೆ
ಅವಳು ಚೀಲಗಳ ಮೇಲೆ ಒಂದು ತಾಸು ಒರಗುತ್ತಾಳೆ.
ಮಂಡಕ್ಕಿ ಸಿಡಿಯುವ ಸದ್ದಿಗೆ ಎಚ್ಚರವಾಗುವುದಿಲ್ಲವಂತೆ,
ಸದ್ದು ನಿಂತರೆ ಆಗುತ್ತದಂತೆ.

ಬದಲಿಸುತ್ತೀಯಾ ಅಂತ ಅವನು ಕೇಳಲಿಲ್ಲ.
ಕಾಗದದಲ್ಲಿ ಎರಡು ಹಿಡಿ ಮಂಡಕ್ಕಿ ಕಟ್ಟಿಕೊಟ್ಟ.

ಬದಲಿಸಿದೆ. ಕೊಟ್ರೇಶಣ್ಣನ ದುಡ್ಡು ತಿಂದವಳು ನಾನು,
ಯಾರ ಕಣ್ಣಿಗಾದರೂ ಆ ಗೋಡೆ ಬಿದ್ದೀತು.
ಗಡಿಯಾರದಿಂದ ಬೀಜ ಎತ್ತಿಕೊ ಅನ್ನುವುದು ಒಂದೇ ಸಾಲು,
ಅದನ್ನು ಮಾತ್ರ ಬರೆಯಲಿಲ್ಲ.
ಮಂಡಿಪೇಟೆಯ ಮೇಲಂತಸ್ತಿನಲ್ಲಿ, ಕೀಲಿಗಳಿಗೆ ಉಪ್ಪು ಅಂಟಿಸುತ್ತ,
ಒಂದು ಹಾಕಿ ನೋಡಿದೆ, ಎರಡು ಹಾಕಿ ನೋಡಿದೆ,
ಮೂವತ್ತೇಳರಲ್ಲಿ ಸಿಕ್ಕಿತು:
ಎರಡಕ್ಕೆ ಮುಂಚೆ ಆರು, ನಾಲ್ಕೂವರೆಯ ಮೇಲೆ ಎರಡು,
ನಡುವೆ ಒಂದೂ ಇಲ್ಲ.

ಕೇಳಿದರೆ ಹೇಳುತ್ತೇನೆ,
ತಂತಾನೇ ಬರೋದು ಅಣ್ಣ, ಯಾರ ಕೈಲೂ ಇಲ್ಲ.
ದಾದಾಪೀರನಿಗೆ ಹೇಳಿಲ್ಲ.
ನಾಲ್ಕು ರಾತ್ರಿ ಸಾಕು ಅವನಿಗೆ,
ಇದ್ದಿಲು ಇದ್ದೇ ಇದೆ.